ಮಣಿಗೆ ತಕ್ಕ ತಂತಿ

ಹೋದ ತಿಂಗಳು ಮೊಮ್ಮಗಳ ಹಟಕ್ಕೆ ಸೋತು ಎಂ.ಸಿ.ಸಿ. ಬಡಾವಣೆಯ ಒಂದು ಅಂಗಡಿಗೆ ಹೋಗಿದ್ದೆ. ಮಣಿ ಸರ, ಓಲೆ, ಬಳೆಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ. ಮಣಿ ಆರಿಸಿದ್ದಾಯಿತು. ಅಂಗಡಿಯ ಹುಡುಗಿ, "ವೈರ್ ಯಾವುದು ಕೊಡ್ಲಿ ಅಜ್ಜಿ?" ಎನ್ನುತ್ತಾ ಒಂದು ಡಬ್ಬಿ ತೆರೆದು ಮುಂದಿಟ್ಟಳು. ಅದರ ತುಂಬ ಬಣ್ಣಬಣ್ಣದ ತಂತಿಯ ಸುರುಳಿಗಳು. ನನ್ನ ಹೆಬ್ಬೆರಳೂ ತೋರುಬೆರಳೂ ನನ್ನ ಅಪ್ಪಣೆಗೆ ಕಾಯದೆ ಒಂದು ತಂತಿಯ ತುದಿಯನ್ನು ಹಿಡಿದು ಹೊಸಕಿ ನೋಡಿದವು. "ಇದು ಇಪ್ಪತ್ನಾಲ್ಕನೇ ನಂಬರು" ಎಂದೆ, ಸ್ವಲ್ಪ ಗತ್ತಿನಿಂದಲೇ. ಮೊಮ್ಮಗಳು ಬಾಯಿ ತೆರೆದು ನೋಡಿದಳು. ಹುಡುಗಿ ಸುರುಳಿಯ ತಳ ತಿರುಗಿಸಿ ಓದಿ, "ಇಪ್ಪತ್ತಾರು ಅಜ್ಜಿ" ಎಂದಳು.

ನನ್ನ ಅಕ್ಕ ಗಿರಿಜಾ ಅಲ್ಲಿ ಇದ್ದಿದ್ದರೆ ಎಲ್ಲರೆದುರಿಗೇ ನನ್ನ ತಲೆಗೊಂದು ಮೊಟಕುತ್ತಿದ್ದಳು. ಯಾಕೆಂದರೆ ಅವಳು ಕಣ್ಣು ಮುಚ್ಚಿಕೊಂಡು ಬರೀ ಬೆರಳಲ್ಲಿ ಇಪ್ಪತ್ತಾರಕ್ಕೂ ಇಪ್ಪತ್ತೈದಕ್ಕೂ ಇರುವ ವ್ಯತ್ಯಾಸ ಹೇಳುತ್ತಿದ್ದಳು. ನನಗೆ ಎಷ್ಟು ಕಲಿಸಿದರೂ ಆ ವಿದ್ಯೆ ಹತ್ತಲಿಲ್ಲ. ಅಕ್ಕನಿಗೆ ಮಾತ್ರ ಅದು ಹೇಗೆ ಹತ್ತಿತು, ಹತ್ತಿ ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ನಿಮಗೆ ಹೇಳಲೇಬೇಕು. ಹೇಳದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ದಾವಣಗೆರೆಯ ಹಳೇಪೇಟೆಯ ಒಂದು ಓಣಿಯಲ್ಲಿ ನಮ್ಮ ಮನೆ. ಬೀದಿಗಿದ್ದ ಮುಂದಿನ ಕೋಣೆ ಅಪ್ಪನ ಅಂಗಡಿ, ಹಿಂದಿನದೆಲ್ಲ ಅವ್ವನ ರಾಜ್ಯ. ಅಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ. ಅದಕ್ಕೆ ಮೋಟಾರು ಕಟ್ಟುವುದು ಎನ್ನುತ್ತಿದ್ದರು. ಊರಲ್ಲಿ ಗಿರಣಿಗಳಿದ್ದವು, ಸುತ್ತಲ ಹಳ್ಳಿಗಳ ಬಾವಿಗಳಿಗೆ ಆಗಷ್ಟೇ ಕರೆಂಟಿನ ಪಂಪುಗಳು ಬರತೊಡಗಿದ್ದವು. ಹಾಗಾಗಿ ಚನ್ನಬಸಪ್ಪ ಮೇಸ್ತ್ರಿ ಎಂದರೆ ಎಲ್ಲರಿಗೂ ಗೊತ್ತು. ನಾನು ಐದನೇ ಇಯತ್ತೆ. ಅಕ್ಕ ಎಂಟನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು. ವಯಸ್ಸು ಹದಿನೇಳು. ಅವಳಿಗಿದ್ದ ಹುಚ್ಚು ಒಂದೇ, ಮಣಿ.

ಮಣಿಯ ಹುಚ್ಚಿಗೆ ದೊಡ್ಡ ಶತ್ರು ದಾರ. ಗಿರಣಿ ಊರಿನಲ್ಲಿ ದಾರಕ್ಕೇನು ಬರ? ಆದರೆ ಯಾವ ದಾರ ಹಾಕಿದರೂ ಗಾಜಿನ ಮಣಿಯ ಸರ ಎಂಟು ದಿನಕ್ಕೆ ಕಡಿಯುತ್ತಿತ್ತು. ಒಮ್ಮೆ ಅಕ್ಕ ಪೋಣಿಸಿಕೊಟ್ಟ ಹಸಿರು ಸರ ಹಾಕಿಕೊಂಡು ಶಾಲೆಗೆ ಹೋದೆ. ಪ್ರಾರ್ಥನೆಯ ಸಾಲಿನಲ್ಲಿ, ಎಲ್ಲರ ಕಣ್ಣೂ ನನ್ನ ಕೊರಳ ಮೇಲೇ ಇದೆ ಎಂಬ ಭ್ರಮೆಯಲ್ಲಿ ಎದೆ ಉಬ್ಬಿಸಿ ನಿಂತೆ. ಉಬ್ಬಿಸಿದ್ದು ಹೆಚ್ಚಾಯಿತೇನೋ, ಸರ ಪಟ್ಟೆಂದು ಹರಿಯಿತು. ಮಣಿಗಳು ಕಲ್ಲುಹಾಸಿನ ಮೇಲೆ ಚಟಚಟ ಕುಣಿಯುತ್ತಾ ಶಾಲೆಯ ಮುಖ್ಯಸ್ಥೆ ದೊಡ್ಡ ಬಾಯವರ ಕುರ್ಚಿಯ ತನಕ ಹೋದವು. ನಾನು ಅಂಬೆಗಾಲಿಟ್ಟು ಕುರ್ಚಿಯ ಕೆಳಗೆ ನುಗ್ಗಿದೆ. ಮೇಲೆ ಪ್ರಾರ್ಥನೆ ನಡೆದೇ ಇತ್ತು.

ಆಮೇಲೆ ರೇಷ್ಮೆ ಎಳೆ ಆಯಿತು. ಅದೂ ಕಡಿಯಿತು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯೊಬ್ಬಳು, ಕುದುರೆ ಬಾಲದ ಕೂದಲು ಆನೆ ಎಳೆದರೂ ಹರಿಯುವುದಿಲ್ಲ ಎಂದು ಆಣೆ ಮಾಡಿ ಹೇಳಿದಳು. ಕುದುರೆ ಎಂದರೆ ಸ್ಟೇಷನ್ನಿನ ಜಟಕಾ ಕುದುರೆ. ಕೀಳುವವರು ಯಾರು? ನಾನೇ. ಹುಲ್ಲು ತಿನ್ನುತ್ತಾ ನಿಂತಿದ್ದ ಒಂದು ಬಿಳಿ ಕುದುರೆಯ ಹಿಂದೆ ಹೋಗಿ ಒಂದು ಕೂದಲು ಕಿತ್ತೆ. ಅದು ಸುಮ್ಮನಿತ್ತು. ಧೈರ್ಯ ಬಂದು ಮೂರನ್ನು ಒಟ್ಟಿಗೆ ಎಳೆದೆ. ಕುದುರೆ ಕಾಲು ಝಾಡಿಸಿದ ರಭಸಕ್ಕೆ ಪಕ್ಕದಲ್ಲಿದ್ದ ನೀರಿನ ಬಕೀಟು ಹಾರಿ ಜಟಕಾದವನ ಮೈಮೇಲೆ ಬಿತ್ತು. "ಏ ಹುಡುಗಿ, ಬಾಲಾನ ಬಿಚ್ಕಂಡು ಮನಿಗೆ ಒಯ್ತೀಯೇನು!" ಎಂದು ಅವನು ಕೂಗಿದ್ದು ಕೇಳಿಸಿತು. ಆಗಲೇ ನಾನು ಓಣಿಯ ತಿರುವಿನಲ್ಲಿದ್ದೆ, ಮುಷ್ಟಿಯಲ್ಲಿ ನಾಲ್ಕು ಕೂದಲು. ಅಷ್ಟು ಸಾಹಸ ಮಾಡಿ ತಂದದ್ದು, ಹರಿಯಲೇನೋ ಇಲ್ಲ, ಆದರೆ ಗಂಟು ನಿಲ್ಲಲಿಲ್ಲ. ಜಾರಿ ಜಾರಿ ಬಿಚ್ಚಿಕೊಂಡಿತು.

ತಂತಿಯ ದಾರಿ ತೋರಿಸಿದವಳು ಹರಿಹರದ ಜೈನಬ್ಬಿ. ಗುಡಿಯ ಹತ್ತಿರದ ಬೀದಿಯಲ್ಲಿ ಬಳೆ, ಮಣಿ ಹರಡಿಕೊಂಡು ಕೂತಿರುತ್ತಿದ್ದ ಮುದುಕಿ. ಅವ್ವನಿಗೆ ಆಗಾಗ ಸೋಮವಾರ ಹರಿಹರೇಶ್ವರನ ದರ್ಶನಕ್ಕೆ ಹೋಗುವ ಆಸೆ. ನಮಗೆ ಅವ್ವನ ಸೆರಗು ಹಿಡಿದು ರೈಲು ಹತ್ತುವ ಆಸೆ. ದಾವಣಗೆರೆಯಿಂದ ಹರಿಹರಕ್ಕೆ ರೈಲು ಹತ್ತಿ ಕಡಲೆಕಾಯಿ ಸುಲಿದು ಮುಗಿಸುವಷ್ಟರಲ್ಲಿ ಊರು ಬಂದೇಬಿಡುತ್ತಿತ್ತು. ಅದೇ ನಮಗೆ ದುಃಖ. ಅವತ್ತು ಅಕ್ಕ, ಕಡಿದ ಸರವನ್ನು ಜೈನಬ್ಬಿಯ ಮುಂದೆ ಹಿಡಿದು ಜಗಳಕ್ಕೇ ನಿಂತಳು.

"ನಿನ್ನ ಮಣಿ ಸರಿ ಇಲ್ಲಮ್ಮಾ. ಎಂಟು ದಿನ ಬರಲಿಲ್ಲ ನೋಡು."

ಜೈನಬ್ಬಿ ಸಿಟ್ಟಾಗಲಿಲ್ಲ. ಒಂದು ಮಣಿ ತೆಗೆದು ಅಕ್ಕನ ಕಿರುಬೆರಳ ತುದಿಗೆ ಒತ್ತಿ ತಿರುವಿದಳು. ಅಕ್ಕ "ಹಾ!" ಎಂದು ಕೈ ಎಳೆದುಕೊಂಡಳು.

"ಚುಚ್ತಲ್ಲ ಬೇಟಿ? ತೂತಿನ ಬಾಯಿ ಗಾಜು. ನಿನ್ನ ಬೆರಳಿಗೇ ಹಿಂಗಾದ್ರೆ ದಾರ ಏನ್ ಮಾಡ್ಬೇಕು ಪಾಪ? ದಾರ ಬ್ಯಾಡ, ತಂತಿ ಹಾಕು. ದಪ್ಪಂದು ಬ್ಯಾಡ, ತೀರಾ ಸಣ್ಣದೂ ಬ್ಯಾಡ. ಮಣಿ ನೋಡ್ಕಂಡು ಹಾಕು."

ವಾಪಸ್ ಬರುವ ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಆಚೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನನ್ನ ರಟ್ಟೆಯನ್ನು ಅಮುಕಿ ಹಿಡಿದು ಕಿವಿಯಲ್ಲಿ ಹೇಳಿದಳು: "ಲೇ, ನಮ್ಮ ಮನ್ಯಾಗ ತಂತಿ ಬಿಟ್ರೆ ಇನ್ನೇನೈತೆ!" ಅವಳ ಉಗುರಿನ ಗುರುತು ನನ್ನ ರಟ್ಟೆಯ ಮೇಲೆ ಸಂಜೆಯವರೆಗೂ ಇತ್ತು.

ಮನೆಯಲ್ಲಿ ತಂತಿಯೇನೋ ಇತ್ತು, ಆದರೆ ಅದು ಅಪ್ಪನ ತಂತಿ. ಆಗ ತಾಮ್ರದ ತಂತಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಮುಂಬಯಿಯಿಂದ ಬರುವ ಒಂದೊಂದು ರೀಲನ್ನೂ ಅಪ್ಪ ಹಸುಗೂಸಿನಂತೆ ಎತ್ತಿ ಇಡುತ್ತಿದ್ದ. ಅಕ್ಕ ಮೊದಲು ಕೈ ಹಾಕಿದ್ದು ಗುಜರಿಗೆ. ಸುಟ್ಟ ಮೋಟಾರಿನಿಂದ ಕಿತ್ತು ಎಸೆದ ಕರಿ ತಂತಿ ತಂದು ಹುಣಸೆಹಣ್ಣು ಹಾಕಿ ತಿಕ್ಕಿದಳು. ಅದು ಫಳಫಳ ಹೊಳೆಯಿತು, ಎರಡು ಸಲ ಬಾಗಿಸಿದರೆ ಟಣ್ಣೆಂದು ಮುರಿಯಿತು. ಆಮೇಲೆ ರೀಲುಗಳಲ್ಲಿ ಉಳಿದ ಮೊಳ, ಅರ್ಧ ಮೊಳದ ತುಂಡುಗಳ ಸರದಿ. ಅಪ್ಪ ಊಟ ಮಾಡಿ ಅಡ್ಡಾದಾಗ ಅಕ್ಕ ಒಳಗೆ, ನಾನು ಬಾಗಿಲಲ್ಲಿ ಕಾವಲು.

ತಂತಿಯ ನಂಬರಿನ ಲೆಕ್ಕ ತಲೆಕೆಳಗು. ನಂಬರು ಏರಿದಷ್ಟೂ ತಂತಿ ಸಣ್ಣ. ಹದಿನೆಂಟು ಮಣಿಯೊಳಗೆ ಹೋಗಲೇ ಇಲ್ಲ. ಇಪ್ಪತ್ತು ಹೋಯಿತು, ಆದರೆ ಅದರಲ್ಲಿ ಮಾಡಿದ ಬಳೆ ಪೊಲೀಸರ ಬೇಡಿಯಂತೆ ಬಿರುಸಾಗಿತ್ತು. ಓಲೆಯ ಕೊಂಡಿಗೆ ಮಾತ್ರ ಅದೇ ಸರಿ. ಮೂವತ್ತು, ಕೂದಲೇ. ಬಾಗಿಸಿದ ಕಡೆ ಬಾಗಿ, ಹೇಳಿದ ಮಾತು ಕೇಳಿ, ಮೂರನೇ ದಿನಕ್ಕೆ ತುಂಡಾಗುತ್ತಿತ್ತು. ಇಪ್ಪತ್ನಾಲ್ಕು ಬಳೆಗೆ. ಸಣ್ಣ ಮಣಿಯ ಹೂವು, ನವಿಲು, ಎಲೆ ಹೆಣೆಯಲು ಇಪ್ಪತ್ತಾರು. ಅಬ್ಬಾ, ಆ ಇಪ್ಪತ್ತಾರು ಸಿಕ್ಕಿದ ದಿನ! ಅಕ್ಕ ಹಿತ್ತಲಿನಲ್ಲಿ ಒಂದು ನವಿಲಿನ ಓಲೆ ಹೆಣೆದು ಮೇಲಕ್ಕೆಸೆದು ಹಿಡಿದಳು, ನೆಲಕ್ಕೆ ಬಡಿದಳು, ನನ್ನ ಕೈಗೆ ಕೊಟ್ಟು "ಎಳಿ, ಎಷ್ಟು ಬೇಕಾದ್ರೂ ಎಳಿ!" ಎಂದಳು. ಒಂದು ಮಣಿಯೂ ಉದುರಲಿಲ್ಲ. ಇಬ್ಬರೂ ಬಾವಿಕಟ್ಟೆ ಸುತ್ತ ಕುಣಿದೆವು. ಅವ್ವ ಹೊರಗೆ ಬಂದು, ಏನಾಯಿತು ಎಂದು ಕೇಳದೆ, ತಾನೂ ಒಂದಿಷ್ಟು ನಕ್ಕು ಒಳಗೆ ಹೋದಳು.

ರೀಲುಗಳ ಮೇಲಿನ ಚೀಟಿಗಳು ಎಣ್ಣೆ ಕುಡಿದು ಅಳಿಸಿಹೋಗಿರುತ್ತಿದ್ದವು. ಅಪ್ಪನಿಗೆ ಚೀಟಿ ಬೇಕಿರಲಿಲ್ಲ, ಹೆಬ್ಬೆರಳಲ್ಲಿ ಉಜ್ಜಿ ನಂಬರು ಹೇಳುತ್ತಿದ್ದ. ಅಳತೆಯ ಬಿಲ್ಲೆಯೊಂದಿತ್ತು, ಸವೆದುಹೋಗಿತ್ತು. "ನನ್ನ ಹೆಬ್ಬೆಟ್ಟೇ ಗೇಜು" ಎನ್ನುತ್ತಿದ್ದ. ಅಕ್ಕನ ಬೆರಳು ಆಗಿನ್ನೂ ಅಷ್ಟು ಪಳಗಿರಲಿಲ್ಲ. ಅವಳು ಬೇರೆ ಉಪಾಯ ಮಾಡಿದಳು. ಅಪ್ಪ ನಂಬರು ಹೇಳಿದ ತಂತಿಗಳ ತುಂಡು ತೂರಿಸಿ ನೋಡುತ್ತಾ, ನೂರಾರು ಮಣಿ ಸೋಸಿ ಮೂರನ್ನು ಆರಿಸಿಕೊಂಡಳು. ಬಿಳಿ ಮಣಿಯಲ್ಲಿ ಇಪ್ಪತ್ತಾರು ದಾಟುತ್ತದೆ, ಇಪ್ಪತ್ತೈದು ದಾಟುವುದಿಲ್ಲ. ನೀಲಿಯಲ್ಲಿ ಇಪ್ಪತ್ನಾಲ್ಕು ದಾಟುತ್ತದೆ, ಇಪ್ಪತ್ಮೂರು ನಿಲ್ಲುತ್ತದೆ. ಕೆಂಪು ಮಣಿಯಲ್ಲಿ ಇಪ್ಪತ್ತೆರಡು ದಾಟುತ್ತದೆ, ಇಪ್ಪತ್ತೊಂದು ಬಾಯಲ್ಲೇ ತಡೆಯುತ್ತದೆ. ಆ ಮೂರು ಮಣಿಗಳನ್ನು ಸಣ್ಣ ಎಳೆಯಲ್ಲಿ ಪೋಣಿಸಿ ಪಿನ್ನಿಗೆ ಕಟ್ಟಿ ಸೆರಗಿನ ಒಳಗೆ ಸಿಕ್ಕಿಸಿಕೊಂಡಿರುತ್ತಿದ್ದಳು.

ಸಿಕ್ಕಿಬಿದ್ದದ್ದು ನನ್ನಿಂದ. ನವಿಲಿನ ಓಲೆ ತೆಗೆದಿಟ್ಟು ಊಟಕ್ಕೆ ಕೂಡು ಎಂದು ಅಕ್ಕ ಹೇಳಿಯೇ ಇದ್ದಳು. ನಾನು ಅದನ್ನು ಹಾಕಿಕೊಂಡೇ ಕನ್ನಡಿಯ ಮುಂದಿನಿಂದ ನೆಟ್ಟಗೆ ತಟ್ಟೆಯ ಮುಂದೆ ಬಂದು ಕೂತೆ. ಅಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ.

"ಇಲ್ಲಿ ಬಾ."

ಹೋದೆ. ಅಪ್ಪ ಓಲೆಯ ಹಿಂದೆ ಹೆಬ್ಬೆರಳು ಇಟ್ಟು ಉಜ್ಜಿದ.

"ಇಪ್ಪತ್ತಾರು. ನನ್ನ ಇಪ್ಪತ್ತಾರು ನಿನ್ನ ಕಿವ್ಯಾಗ ಯಾಕೈತೆ?"

ನನ್ನ ಕಣ್ಣು ತಾನಾಗಿ ಅಕ್ಕನ ಕಡೆ ಹೊರಳಿತು. ಅಷ್ಟು ಸಾಕಾಯಿತು. ಅಪ್ಪ ಹೊಡೆಯಲಿಲ್ಲ. ಆದರೆ ಅಂದ ಮಾತು ಹೊಡೆತಕ್ಕಿಂತ ಜೋರಾಗಿತ್ತು. "ಒಂದು ಮೊಳ ತಂತಿಗೆ ನಾನು ಮುಂಬಯಿ ಕಡೆ ಕೈ ಮುಗಿದು ಕೂಡ್ತೀನಿ. ನೀವು ಅದನ್ನ ಕಿವಿಗೆ ಸುತ್ಕಂತೀರಿ. ಇನ್ನ ಮ್ಯಾಲೆ ಇಬ್ರೂ ಅಂಗಡಿ ಹೊಸ್ತಿಲು ತುಳೀಬ್ಯಾಡ್ರಿ." ಮಣಿಯ ಡಬ್ಬಿ ಅಟ್ಟ ಸೇರಿತು. ಅಕ್ಕ ಅಳಲಿಲ್ಲ. ಎರಡು ಹೊತ್ತು ಊಟ ಮಾಡಲಿಲ್ಲ ಅಷ್ಟೆ. ನಾನು ಮಾತ್ರ ಎರಡು ಹೊತ್ತೂ ಉಂಡೆ, ಅಳುತ್ತಾ ಉಂಡೆ.

ಇದಾಗಿ ಹದಿನೈದು ದಿನವಿರಬಹುದು. ಅಪ್ಪನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಬದನೆಕಾಯಿಯಾಗಿ ಊದಿತು. ಅವ್ವ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿಯಂತೆ ತೊಡಿಸಿದಳು. ಊರಿಗೆಲ್ಲ ಗೇಜಾಗಿದ್ದ ಹೆಬ್ಬೆಟ್ಟು ನಿಂಬೆಹಣ್ಣಿನೊಳಗೆ ಕೂತಿತು. ಸರಿಯಾಗಿ ಅವತ್ತೇ ಹತ್ತಿರದ ಕೊಂಡಜ್ಜಿ ಹಳ್ಳಿಯಿಂದ ಹಾಲಪ್ಪಗೌಡರು ಗಾಡಿಯಲ್ಲಿ ಮೋಟಾರು ಹೇರಿಕೊಂಡು ಬಂದರು. ವೀಳ್ಯದೆಲೆ ತೋಟ ಇಟ್ಟಿದ್ದವರು.

"ಮೇಸ್ತ್ರಿ, ಹೋದ ಸಲ ಬ್ಯಾರೆ ಊರಾಗೆ ಕಟ್ಟಿಸಿದ್ದೆ, ತಪ್ಪಾತು. ನಾಕು ತಿಂಗಳಿಗೇ ಸುಟ್ಟೈತೆ ನೋಡ್ರಿ. ಬಳ್ಳಿ ಇನ್ನ ನಾಕು ದಿನ ತಡೀಬೋದು, ಐದನೇ ದಿನ ತಡಿಯಲ್ಲ."

ಅಪ್ಪ ನಿಂಬೆಹಣ್ಣು ತೋರಿಸಿದ. ಗೌಡರು ಅದನ್ನು ನೋಡಿದರು, ಮೋಟಾರನ್ನು ನೋಡಿದರು, ಜಗಲಿಯ ಮೇಲೆ ಕುಸಿದು ಕೂತರು. ಅವ್ವ ಒಳಬಾಗಿಲಲ್ಲಿ ನಿಂತಿದ್ದಳು. "ಇಕ್ಕಳ ಹಿಡಿಯಾಕಾರ ಒಬ್ರು ಬೇಕಲ್ಲ" ಎಂದವಳೇ ಅಕ್ಕನನ್ನು ಹಿಂದಿನಿಂದ ಅಂಗಡಿಯೊಳಕ್ಕೆ ದೂಡಿದಳು. ಹೊಸ್ತಿಲು ದಾಟಿದ್ದಂತೂ ಆಗಿತ್ತು. ನಾನೂ ಹಿಂದೆಯೇ ತೂರಿಕೊಂಡೆ.

ಅಕ್ಕ ಇಕ್ಕಳ ಹಿಡಿದು ಸುಟ್ಟ ತಂತಿಯ ಸುರುಳಿಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಅಪ್ಪ ಮೇಲೆ ಬಿದ್ದ ಒಂದರ ತುದಿಯನ್ನು ಎಡಗೈಯಲ್ಲಿ ಉಜ್ಜಿ ನೋಡಿ, "ಇಪ್ಪತ್ತೆರಡು. ಇಪ್ಪತ್ತೆರಡರ ರೀಲು ತೆಗಿ" ಎಂದ. ಅಕ್ಕ ಏಳಲಿಲ್ಲ. ಇನ್ನೆರಡು ಸುರುಳಿಗಳ ಕರಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತಳು.

"ಎಲ್ಲಾ ಇಪ್ಪತ್ತೆರಡಲ್ಲಪ್ಪ."

"ಏನಂದಿ?"

"ಇದು ಇಪ್ಪತ್ತೆರಡು. ಇವು ಇನ್ನೊಂಚೂರು ದಪ್ಪ ಅದಾವೆ."

"ಸುಟ್ಟ ತಂತಿ ಕೈಗೆ ಹಂಗೇ ಅನ್ನಿಸ್ತೈತೆ. ಮೊದ್ಲು ರೀಲು ತೆಗಿ."

ಅಕ್ಕನ ಕೈ ಸೆರಗಿನ ಒಳಗೆ ಹೋಯಿತು. ಕದ್ದ ತಂತಿ ಆರಿಸಲು ಇಟ್ಟುಕೊಂಡ ಮಣಿ ಅದು. ಈಗ ತೋರಿಸಿದರೆ ಹಳೆಯದೆಲ್ಲ ಮತ್ತೆ ಕೆದಕಿದಂತಾಗುತ್ತದೆ. ಅಕ್ಕ ಪಿನ್ನು ಬಿಚ್ಚಿ ಕೆಂಪು ಮಣಿ ತೆಗೆದು, ಅಪ್ಪ ಉಜ್ಜಿದ್ದ ತಂತಿಯ ತುದಿಗೆ ಹಿಡಿದಳು. ಮಣಿ ಸರ್ರನೆ ಒಳಗಿಳಿಯಿತು. ಪಕ್ಕದ ತಂತಿಗೆ ಹಿಡಿದಳು. ಬಾಯಲ್ಲೇ ನಿಂತಿತು. ಮತ್ತೊಂದಕ್ಕೆ, ಅದೂ ನಿಂತಿತು.

"ಕೊಡಿಲ್ಲಿ" ಎಂದು ಅಪ್ಪ ಮಣಿ ಕಸಿದುಕೊಂಡು ಎಡಗೈಯಲ್ಲಿ ತಾನೇ ಪೋಣಿಸಲು ನೋಡಿದ. ಮಣಿ ಜಾರಿ ಬಿತ್ತು. ನಾನು ಹುಡುಕಿ ಕೊಟ್ಟೆ. ಒಂದು ತಂತಿ, ಇನ್ನೊಂದು ತಂತಿ, ಮೂರನೆಯದು. ಎಲ್ಲ ಸುರುಳಿಗಳನ್ನೂ ನೋಡಿದ. ಎರಡು ಮಾತ್ರ ಸಣ್ಣವು, ಉಳಿದದ್ದೆಲ್ಲ ಇಪ್ಪತ್ತೊಂದು.

"ಏನಾತ್ರಿ?" ಎಂದರು ಹಾಲಪ್ಪಗೌಡರು. ಮೋಟಾರು ಕಟ್ಟುವ ಮನೆಯಲ್ಲಿ ಮಣಿ ಪೋಣಿಸುವುದನ್ನು ಅವರು ಎಂದೂ ನೋಡಿರಲಿಲ್ಲ.

"ಗೌಡ್ರೆ, ಹಿಂದೆ ಕಟ್ಟಿದಾತ ತಂತಿ ಸಾಲದೆ ನಡುವೆ ಸಣ್ಣದು ಸೇರಿಸ್ಯಾನೆ. ಅದು ಕಾದು ಕಾದು ಸುಟ್ಟೈತೆ" ಎಂದ ಅಪ್ಪ. ಆಮೇಲೆ, ಗೌಡರಿಗಲ್ಲ, ನೆಲಕ್ಕೆ ಹೇಳುವಂತೆ, "ನಾನು ಅದನ್ನೇ ಹಿಡ್ಕಂಡು ಎಲ್ಲಾ ಸಣ್ಣದ್ರಾಗೇ ಕಟ್ಟಿಬಿಡ್ತಿದ್ದೆ. ನನ್ನ ಕೈಯಾಗೂ ಸುಡ್ತಿತ್ತು" ಎಂದ.

ಅಕ್ಕನಿಗೆ ಭೇಷ್ ಎನ್ನಲಿಲ್ಲ. ಅದು ಅವನ ಸ್ವಭಾವವಲ್ಲ. "ಇಪ್ಪತ್ತೊಂದು ತೆಗಿ. ಕೈ ಒರೆಸ್ಕ. ನಾನು ಹೇಳ್ದಂಗೆ ಸುತ್ತು" ಎಂದ.

ಮುಂದಿನ ಎರಡು ದಿನಗಳನ್ನು ನೆನೆಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ಅಕ್ಕ ಸುತ್ತುವುದು, ನಾನು ಗಟ್ಟಿಯಾಗಿ ಸುತ್ತು ಎಣಿಸುವುದು. ನವಿಲಿನ ಕುತ್ತಿಗೆ ಹೆಣೆದ ಬೆರಳುಗಳು ತಂತಿಯ ಮೇಲೆ ತಂತಿ ಏರದಂತೆ, ಒಂದೂ ಗೀರು ಬೀಳದಂತೆ ಸಾಲಾಗಿ ಕೂರಿಸುತ್ತಿದ್ದವು. ಒಮ್ಮೆ ಓಣಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿ ನಾನು ಇಪ್ಪತ್ತೇಳಾದ ಮೇಲೆ ಮತ್ತೆ ಇಪ್ಪತ್ತೇಳು ಎಂದೆ. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತಬೇಕಾಯಿತು. ಇಬ್ಬರೂ ನನ್ನನ್ನು ನೋಡಿದ ನೋಟ ಒಂದೇ ಥರ ಇತ್ತು. ಅಪ್ಪನೂ ಅಕ್ಕನೂ ಹೋಲುತ್ತಾರೆ ಎಂದು ನನಗೆ ಮೊದಲ ಸಲ ಹೊಳೆದದ್ದು ಆಗಲೇ. ಪಕ್ಕದ ಮನೆಯವರು ಇಣುಕಿ, "ಹೆಣ್ಣುಮಗಳ ಕೈಲಿ ಇದೇನ್ ಮಾಡಿಸ್ತೀರ್ರಿ?" ಎಂದು ಅವ್ವನನ್ನು ಕೇಳಿದರು. "ಅವಳಿಗೆ ಬರ್ತೈತೆ, ಮಾಡ್ತಾಳೆ" ಎಂದು ಅವ್ವ ಬಾಗಿಲು ಮುಂದೆ ಮಾಡಿದಳು.

ವಾರ್ನಿಷ್ ಬಳಿದು, ಒಣಗಿಸಿ, ನಾಲ್ಕನೇ ದಿನ ಬೆಳಿಗ್ಗೆ ಗೌಡರ ಗಾಡಿಯಲ್ಲಿ ಹೊರಟೆವು. ಅಪ್ಪ, ಅಕ್ಕ, ನಾನು, ನಡುವೆ ಹುಲ್ಲಿನ ಮೇಲೆ ಮೋಟಾರು. ಕೊಂಡಜ್ಜಿಯ ಕೆರೆ ಕಂಡಾಗ ನಾನು ಗಾಡಿಯಲ್ಲಿ ಎದ್ದು ನಿಂತು ಕೂಗಿದೆ. ಅಕ್ಕ ಕೆರೆಯ ಕಡೆ ತಿರುಗಲೂ ಇಲ್ಲ. ಮೋಟಾರಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಬಾವಿಯ ಹತ್ತಿರ ಅರ್ಧ ಊರೇ ನೆರೆದಿತ್ತು. ಮೋಟಾರು ಕೂರಿಸಿ, ತಂತಿ ಬಿಗಿದು, ಅಪ್ಪ "ಹಾಕು" ಎಂದ. ಅಕ್ಕ ಸ್ಟಾರ್ಟರಿನ ಹಿಡಿ ಎಳೆದಳು. ಗುಂಯ್ ಎಂದು ಮೋಟಾರು ತಿರುಗಿತು! ಎಲ್ಲರೂ ಹೋ ಎಂದರು. ಎಲ್ಲರ ಕಣ್ಣೂ ಪೈಪಿನ ಬಾಯಿಗೆ ಹೋಯಿತು. ನೀರಿಲ್ಲ. ಮತ್ತೂ ಕಾದೆವು. ಒಂದು ಹನಿಯೂ ಇಲ್ಲ.

ಹಿಂದಿನಿಂದ ಯಾರೋ, "ಮಣಿ ಪೋಣಿಸಿದಂಗೆ ಆತೇನು ಮೋಟಾರು ಕಟ್ಟೋದು?" ಎಂದರು. ಅಕ್ಕ ಮೋಟಾರು ನಿಲ್ಲಿಸಿ ಅಪ್ಪನ ಕಡೆ ನೋಡಿದಳು.

ಅಪ್ಪ ನಗುತ್ತಿದ್ದ! ಅಪ್ಪ ನಕ್ಕದ್ದನ್ನು ನೋಡಿದವರು ಆಗ ಹಳೇಪೇಟೆಯಲ್ಲಿ ಕಡಿಮೆ. "ಎದಿ ಒಡ್ಕಬ್ಯಾಡ. ಮೋಟಾರು ಹಿಂದಕ್ಕೆ ತಿರುಗಾಕತ್ತೈತೆ. ಕರೆಂಟಿನ ಮೂರು ತಂತ್ಯಾಗೆ ಎರಡನ್ನ ಅದ್ಲು ಬದ್ಲು ಮಾಡು. ನಾನು ಮೊದಲ್ನೇ ಸಲ ಕಟ್ಟಿದಾಗ್ಲೂ ಹಿಂಗೇ ಆಗಿತ್ತು" ಎಂದ. ಮೇನ್ ತೆಗೆಸಿ, ಅಕ್ಕ ಎರಡು ತಂತಿ ಬಿಚ್ಚಿ ಬದಲಿಸಿ ಬಿಗಿದಳು. ಮತ್ತೆ ಹಿಡಿ ಎಳೆದಳು. ಪೈಪು ಒಮ್ಮೆ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ತೊಡೆಗಾತ್ರದ ನೀರು ದಬದಬನೆ ತೊಟ್ಟಿಗೆ ಬಿತ್ತು. ನಾನು ಲಂಗ ಸಮೇತ ತೊಟ್ಟಿಗೆ ಹಾರಿದೆ. ಯಾಕೆ ಹಾರಿದೆ ಎಂದು ಕೇಳಬೇಡಿ. ಹಾರದೆ ಇರಲು ಆಗಲಿಲ್ಲ. ಗೌಡರು ಕಾಲುವೆಯ ಉದ್ದಕ್ಕೂ ನೀರಿನ ಜೊತೆಗೇ ಓಡುತ್ತಾ ಬಳ್ಳಿಯ ಸಾಲಿನೊಳಗೆ ಮರೆಯಾದರು. ಗೌಡರ ಹೆಂಡತಿ ಅಕ್ಕನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಂಗೈಯಲ್ಲಿ ಏನೋ ಬರೆದಿದೆ ಎನ್ನುವ ಹಾಗೆ.

ಆ ಮೋಟಾರು ಸುಡಲಿಲ್ಲ. ಅಪ್ಪನ ಉಗುರುಸುತ್ತು ಒಡೆದು ವಾಸಿಯಾಯಿತು. ಮಣಿಯ ಡಬ್ಬಿಯನ್ನು ಅಟ್ಟದಿಂದ ಇಳಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಅದು ಅಂಗಡಿಯಲ್ಲೇ, ರೀಲುಗಳ ಪಕ್ಕದಲ್ಲೇ ಕೂತಿತು. ಅಕ್ಕ ಬೆಳಿಗ್ಗೆ ಮೋಟಾರು, ಮಧ್ಯಾಹ್ನ ಮಣಿ ಎಂದು ಎರಡನ್ನೂ ನಡೆಸಿದಳು.

ಒಂದು ದಿನ ಆವರಗೆರೆಯಿಂದ ಹೊಸಬರೊಬ್ಬರು ಮೋಟಾರು ತಂದರು. ಅಪ್ಪ ಅಂಗಡಿಯಲ್ಲಿ ಕೂತು ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದ. ನಾನು ಹೊಸ್ತಿಲ ಮೇಲೆ ಮಗ್ಗಿ ಬರೆಯುತ್ತಿದ್ದೆ. ಆ ಮನುಷ್ಯ ಒಳಗೆಲ್ಲ ಕಣ್ಣಾಡಿಸಿ, "ಕೊಂಡಜ್ಜಿ ಗೌಡ್ರು ಕಳಿಸ್ಯಾರ್ರಿ. ಮೋಟಾರು ಕಟ್ಟೋ ಮೇಸ್ತ್ರಿ ಎಲ್ಲದಾರೆ?" ಎಂದರು. ನಾನು ಬಳಪ ನಿಲ್ಲಿಸಿ ಅಪ್ಪನ ಮುಖ ನೋಡಿದೆ. ಆ ಅಂಗಡಿಯಲ್ಲಿ ಮೇಸ್ತ್ರಿ ಎಂದರೆ ಅಪ್ಪ, ಬೇರೆ ಯಾರಿಗೂ ಆ ಹೆಸರು ಇರಲಿಲ್ಲ. ಅಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟ. ಕೈ ಒರೆಸಿಕೊಂಡ.

"ಕೂಡ್ರಿ" ಎಂದ. "ಮೇಸ್ತ್ರಿ ಒಳಗದಾಳೆ. ತಲಿ ಬಾಚ್ಕಂಡು ಬರ್ತಾಳೆ."